‘ಅಪುರ್ ಸಂಸಾರ್’ ಚಿತ್ರವನ್ನು ನೋಡುವುದು ಹೇಗೆ

ಗೆಳೆಯನ ಸೋದರಸಂಬಂಧಿಯ ಮದುವೆಗೆಂದು ಹಳ್ಳಿಗೆ ಬಂದ ಅಪು ಎಂಬ ಯುವಕ, ಮದುವೆಯ ದಿನ ಮುಗಿಯುವುದರೊಳಗೆ ಅದೇ ಹುಡುಗಿಯ ಗಂಡನಾಗಿಬಿಡುತ್ತಾನೆ. ಅವನಿಗೆ ಕೆಲಸವಿಲ್ಲ, ತಂದೆತಾಯಿಯರಿಲ್ಲ, ಇರುವುದು ಕಲ್ಕತ್ತೆಯಲ್ಲಿ ರೈಲುಹಳಿಗಳ ಪಕ್ಕದ ಒಂದು ಬಾಡಿಗೆ ಕೋಣೆ ಮಾತ್ರ. ಅವಳಾದರೋ ನದಿಯ ದಂಡೆಯ ದೊಡ್ಡ ಮನೆಯಲ್ಲಿ ಆಳುಕಾಳುಗಳ ನಡುವೆ ಬೆಳೆದವಳು. ಸತ್ಯಜಿತ್ ರಾಯ್ 1959ರಲ್ಲಿ ತೆರೆಗೆ ತಂದ ‘ಅಪುರ್ ಸಂಸಾರ್’ ಚಿತ್ರದ ನಡುಗಂಬ ಈ ಅವಸರದ, ಜೋಡಿಯಲ್ಲದ ಮದುವೆಯೇ. ಆದರೂ ಈ ಚಿತ್ರವನ್ನು ನೋಡಿದ ಅನೇಕರು ಅದನ್ನು ಒಂದು ಸಾವಿನ ಕಥೆಯಾಗಿ, ಇಲ್ಲವೇ ತಂದೆಮಗನ ಕಥೆಯಾಗಿ ನೆನಪಿಟ್ಟುಕೊಂಡಿರುತ್ತಾರೆ. ಮದುವೆಯಾದ ಮೇಲೆ ಆ ಇಬ್ಬರು ಅಪರಿಚಿತರು ಹೇಗೆ ಗಂಡಹೆಂಡಿರಾದರು ಎಂಬುದನ್ನು ರಾಯ್ ತೋರಿಸುವ ಭಾಗ ಅರ್ಧ ಗಂಟೆಗೂ ಕಡಿಮೆ ಅವಧಿಯದು. ಅದರಲ್ಲಿ ದೊಡ್ಡ ಮಾತುಗಳಿಲ್ಲ, ದೊಡ್ಡ ಘಟನೆಗಳೂ ಇಲ್ಲ. ಹಾಗಾಗಿ ಅದು ಕಣ್ತಪ್ಪಿ ಹೋಗುವುದು ಸುಲಭ. ಅದು ಕಣ್ತಪ್ಪದಂತೆ ನೋಡುವುದು ಹೇಗೆ ಎಂಬುದನ್ನು, ಈ ಚಿತ್ರವನ್ನು ಹಲವು ವರ್ಷಗಳಿಂದ ಮತ್ತೆಮತ್ತೆ ನೋಡುತ್ತ ಬಂದವನಾಗಿ ನಾನು ಇಲ್ಲಿ ವಿವರಿಸುತ್ತೇನೆ.

ಮೊದಲೇ ಒಂದು ಮಾತು ಹೇಳಬೇಕು. ಕಥೆಯ ತಿರುವುಗಳನ್ನು ಮುಚ್ಚಿಟ್ಟು ಈ ಚಿತ್ರದ ಬಗ್ಗೆ ಉಪಯುಕ್ತವಾಗಿ ಏನನ್ನೂ ಹೇಳಲಾಗದು. ಇದುವರೆಗೆ ಚಿತ್ರವನ್ನು ನೋಡದವರು ‘ನೋಡುವ ಮೊದಲು’ ಎಂಬ ಭಾಗವನ್ನಷ್ಟೇ ಓದಿ, ಚಿತ್ರವನ್ನು ಒಮ್ಮೆ ನೋಡಿ ಬಂದು, ಉಳಿದುದನ್ನು ಎರಡನೆಯ ವೀಕ್ಷಣೆಗೆ ಮುನ್ನ ಓದಿಕೊಳ್ಳುವುದು ಒಳ್ಳೆಯದು.

ನೋಡುವ ಮೊದಲು

ಪ್ರತಿಯ ಆಯ್ಕೆ ಇಲ್ಲಿ ನಿಜಕ್ಕೂ ಮುಖ್ಯ. ನಾನು ಈ ಚಿತ್ರವನ್ನು ಮೊದಲು ನೋಡಿದ್ದು ಸವೆದುಹೋದ ಒಂದು ಪ್ರತಿಯಲ್ಲಿ. ಅದರಲ್ಲಿ ಬಿಳಿಯ ಸಬ್‌ಟೈಟಲ್‌ಗಳು ಬಿಳಿಯ ಪಂಚೆಯ ಮೇಲೆ ಬಿದ್ದು ಅರ್ಧದಷ್ಟು ಓದಲಾಗುತ್ತಿರಲಿಲ್ಲ, ರಾತ್ರಿಯ ದೃಶ್ಯಗಳಲ್ಲಿ ಮುಖಗಳೇ ಕಾಣುತ್ತಿರಲಿಲ್ಲ. 1993ರಲ್ಲಿ ಲಂಡನ್ನಿನ ಒಂದು ಲ್ಯಾಬೊರೇಟರಿಯಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ ರಾಯ್ ಅವರ ಹಲವು ಚಿತ್ರಗಳ ಮೂಲ ನೆಗೆಟಿವ್‌ಗಳು ಸುಟ್ಟವು. ಅಪು ಚಿತ್ರತ್ರಯದ ಮೊದಲ ಎರಡು ಚಿತ್ರಗಳ ನೆಗೆಟಿವ್‌ಗಳಲ್ಲಿ ಉಳಿದ ಭಾಗಗಳನ್ನು ಬಹಳ ಶ್ರಮದಿಂದ ಬಳಸಿಕೊಳ್ಳಲು ಸಾಧ್ಯವಾಯಿತು. ಈ ಮೂರನೆಯದರ ನೆಗೆಟಿವ್ ಬಳಸಲಾರದಷ್ಟು ಹಾಳಾಗಿದ್ದುದರಿಂದ ಬೇರೆಡೆ ಕಾಪಾಡಿಟ್ಟಿದ್ದ ಪ್ರತಿಗಳಿಂದ ಅದನ್ನು ಮತ್ತೆ ಕಟ್ಟಬೇಕಾಯಿತು. ಇಟಲಿಯ ಬೊಲೊನ್ಯಾದ ಪ್ರಯೋಗಾಲಯವೂ ಅಮೆರಿಕದ ಅಕಾಡೆಮಿ ಫಿಲ್ಮ್ ಆರ್ಕೈವ್ ಹಾಗೂ ಕ್ರೈಟೀರಿಯನ್ ಸಂಸ್ಥೆಯೂ ಸೇರಿ ಸಿದ್ಧಪಡಿಸಿದ 4ಕೆ ಪ್ರತಿ 2015ರಲ್ಲಿ ಹೊರಬಂದಿತು. ಸಾಧ್ಯವಾದರೆ ಅದನ್ನೇ ಹುಡುಕಿ ನೋಡಬೇಕು. ಈ ಚಿತ್ರದ ಅತ್ಯಂತ ಮುಖ್ಯವಾದ ಒಂದು ದೃಶ್ಯ ಒಂದೇ ಒಂದು ಬೆಂಕಿಕಡ್ಡಿಯ ಬೆಳಕಿನಲ್ಲಿ ನಡೆಯುತ್ತದೆ. ಕೆಟ್ಟ ಪ್ರತಿಯಲ್ಲಿ ಅದು ಬರಿಯ ಕತ್ತಲೆಯಾಗಿ ಕಾಣುತ್ತದೆ.

ಹಿಂದಿನ ಎರಡು ಚಿತ್ರಗಳಾದ ‘ಪಥೇರ್ ಪಾಂಚಾಲಿ’ (1955) ಮತ್ತು ‘ಅಪರಾಜಿತೊ’ (1956) ನೋಡಿರಲೇಬೇಕೇ ಎಂದು ಕೇಳುವವರಿದ್ದಾರೆ. ನೋಡಿದ್ದರೆ ಲಾಭ ಬಹಳ. ಆದರೆ ನೋಡಿಲ್ಲವೆಂದು ಈ ಚಿತ್ರವನ್ನು ಮುಂದೂಡಬೇಕಾಗಿಲ್ಲ. ಬಾಲ್ಯದಲ್ಲಿ ಅಕ್ಕ ದುರ್ಗಾಳನ್ನು, ಆಮೇಲೆ ಕಾಶಿಯಲ್ಲಿ ತಂದೆಯನ್ನು, ಕಲ್ಕತ್ತೆಯಲ್ಲಿ ಓದುತ್ತಿದ್ದಾಗ ಹಳ್ಳಿಯಲ್ಲಿದ್ದ ತಾಯಿಯನ್ನು ಅಪು ಕಳೆದುಕೊಂಡಿದ್ದಾನೆ ಎಂಬಷ್ಟು ತಿಳಿದಿದ್ದರೆ ಸಾಕು. ಅಕ್ಕತಮ್ಮ ಇಬ್ಬರೂ ಹಿಂದೊಮ್ಮೆ ಹೂಬಿಟ್ಟ ಹುಲ್ಲಿನ ಬಯಲಿನಲ್ಲಿ ಓಡಿಹೋಗಿ ಬೆರಗಿನಿಂದ ನೋಡಿದ ರೈಲು, ಈಗ ಅವನ ಕೋಣೆಯ ಕಿಟಕಿಯ ಕೆಳಗೇ ಹಗಲುರಾತ್ರಿ ಕೂಗುತ್ತದೆ ಎಂಬುದನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು.

ಕನ್ನಡಿಗರಿಗೆ ಈ ಚಿತ್ರದಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಕೊಡಲಾರದ ಒಂದು ಅನುಕೂಲವಿದೆ. ಶೀರ್ಷಿಕೆಯನ್ನು ಇಂಗ್ಲಿಷಿನಲ್ಲಿ ‘ಅಪುವಿನ ಜಗತ್ತು’ ಎಂಬ ಅರ್ಥ ಬರುವಂತೆ ಅನುವಾದಿಸುತ್ತಾರೆ. ಆದರೆ ‘ಸಂಸಾರ’ ಎಂಬ ಮಾತು ಬಂಗಾಳಿಯಲ್ಲಿಯೂ ಕನ್ನಡದಲ್ಲಿಯೂ ಲೋಕವ್ಯವಹಾರವನ್ನು ಸೂಚಿಸುವಂತೆಯೇ ಒಲೆ, ಪಾತ್ರೆ, ಗಂಡ, ಹೆಂಡತಿ, ಮಕ್ಕಳನ್ನೂ ಸೂಚಿಸುತ್ತದೆ. ‘ಸಂಸಾರ ಹೂಡಿದರು’ ಎಂದು ನಾವು ಹೇಳುವಾಗ ಯಾವ ಅರ್ಥವಿದೆಯೋ ಆ ಅರ್ಥವೇ ಈ ಚಿತ್ರದ ಜೀವಾಳ. ಇನ್ನೊಂದು ಮಾತು ‘ಲಗ್ನ’. ನಮ್ಮಲ್ಲಿ ಅನೇಕ ಕಡೆ ಲಗ್ನವೆಂದರೆ ಮದುವೆಯೇ. ಬಂಗಾಳಿಯಲ್ಲಿ ಅದು ಮದುವೆಗೆ ಗೊತ್ತುಮಾಡಿದ ಗಳಿಗೆ, ನಾವು ಮುಹೂರ್ತ ಎನ್ನುವುದು. ಆ ಗಳಿಗೆ ಮೀರಿದರೆ ಹುಡುಗಿ ಜೀವಮಾನವಿಡೀ ಮದುವೆಯಿಲ್ಲದೆ ಉಳಿಯಬೇಕು ಎಂಬ ನಂಬಿಕೆಯ ಮೇಲೆಯೇ ಇಡೀ ಕಥೆ ನಿಂತಿದೆ. ಹಾಗಾಗಿ ಸಬ್‌ಟೈಟಲ್ ಓದುವುದರ ಜೊತೆಗೆ ಕಿವಿಯನ್ನೂ ತೆರೆದಿಡಬೇಕು. ಅಪುವಿನ ಪೂರ್ಣ ಹೆಸರು ಅಪೂರ್ವಕುಮಾರ ರಾಯ್ ಎಂಬುದು ಬಂಗಾಳಿಯ ‘ಅಪೂರ್ಬೊ’ ಎಂಬ ಉಚ್ಚಾರದಲ್ಲಿ ಕೇಳಿಬಂದಾಗ, ಅವನು ಮದುವೆಯಾಗುವ ಹುಡುಗಿಯ ಅಪರ್ಣಾ ಎಂಬ ಹೆಸರಿಗೂ ಅದಕ್ಕೂ ಇರುವ ಹೊಂದಾಣಿಕೆ ತಾನಾಗಿ ಕಿವಿಗೆ ಬೀಳುತ್ತದೆ.

ಚಿತ್ರದ ಅವಧಿ ಒಂದು ಮುಕ್ಕಾಲು ಗಂಟೆ. ಮಧ್ಯಂತರ ಬೇಡ. ಫೋನನ್ನು ಬೇರೆ ಕೋಣೆಯಲ್ಲಿಟ್ಟು, ದೀಪಗಳನ್ನು ಆರಿಸಿ, ಸದ್ದನ್ನು ಸಾಮಾನ್ಯಕ್ಕಿಂತ ತುಸು ಹೆಚ್ಚಿಗೆ ಇಟ್ಟು ನೋಡಬೇಕು. ಏಕೆಂದರೆ ರೈಲಿನ ಸೀಟಿ, ಗಡಿಯಾರದ ಟಿಕ್ ಟಿಕ್, ಹಾಯುವ ದೋಣಿಯ ಹಾಡು, ಇವೆಲ್ಲ ಇಲ್ಲಿ ಪಾತ್ರಗಳಷ್ಟೇ ಕೆಲಸ ಮಾಡುತ್ತವೆ.

ಮದುವೆಗೆ ಮುಂಚಿನ ಅಪುವನ್ನು ಗಮನಿಸುವುದು

ಮದುವೆಯ ದೃಶ್ಯ ಬರುವವರೆಗೆ ಏನೂ ನಡೆಯುತ್ತಿಲ್ಲವೆಂದು ಕೆಲವರಿಗೆ ಅನಿಸಬಹುದು. ಆದರೆ ರಾಯ್ ಈ ಹೊತ್ತನ್ನು ಬಳಸುವುದು ಒಂದು ಕೋಣೆಯನ್ನು ನಮಗೆ ಚೆನ್ನಾಗಿ ಪರಿಚಯಿಸಲು. ಹರಿದ ಪರದೆ, ಮಳೆ, ಚೆಲ್ಲಿದ ಮಸಿ, ರಾಶಿ ಬಿದ್ದ ಪುಸ್ತಕಗಳು, ಬಾಕಿ ಬಾಡಿಗೆ ಕೇಳಲು ಬಂದ ಮನೆಯೊಡೆಯ. ಇವುಗಳಲ್ಲಿ ಪರದೆಯ ತೂತನ್ನು ವಿಶೇಷವಾಗಿ ಗುರುತಿಟ್ಟುಕೊಳ್ಳಬೇಕು. ಅದು ಮತ್ತೆ ಬರುತ್ತದೆ. ಕೆಲಸ ಹುಡುಕಲು ಹೋದ ಅಪು ಸೀಸೆಗಳಿಗೆ ಚೀಟಿ ಅಂಟಿಸುವ ಕೆಲಸವನ್ನು ಬಾಗಿಲಿನಿಂದಲೇ ನೋಡಿ ಹಿಂದಿರುಗುತ್ತಾನೆ. ಗೆಳೆಯ ಪುಲು ಗುಮಾಸ್ತಗಿರಿ ಕೊಡಿಸುತ್ತೇನೆಂದರೂ ಅವನಿಗೆ ಬೇಡ. ಅವನು ತನ್ನ ಬದುಕನ್ನೇ ಆಧರಿಸಿ ಒಂದು ಕಾದಂಬರಿ ಬರೆಯುತ್ತಿದ್ದಾನೆ. ರಾತ್ರಿಯಲ್ಲಿ ರೈಲುಹಳಿಗಳ ಗುಂಟ ನಡೆಯುತ್ತ ಅದರ ಕಥೆಯನ್ನು ಹೇಳುವಾಗ, ಪ್ರೇಮದ ವಿಷಯದಲ್ಲಿ ನಿನಗೇನು ಅನುಭವವಿದೆ ಎಂದು ಪುಲು ಕೆಣಕುತ್ತಾನೆ. ಸ್ವಾತಂತ್ರ್ಯವೆಂದರೆ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲದಿರುವುದು ಎಂದು ತಿಳಿದ ಹುಡುಗನ ಚಿತ್ರ ಇದು. ಸೌಮಿತ್ರ ಚಟರ್ಜಿಯವರಿಗೆ ಇದು ಮೊದಲ ಚಿತ್ರ. ಆಕಾಶವಾಣಿಯಲ್ಲಿ ಉದ್ಘೋಷಕರಾಗಿದ್ದವರ ಆ ಸ್ಪಷ್ಟ, ತುಂಬು ಧ್ವನಿ ಈ ರಾತ್ರಿಯ ನಡಿಗೆಯಲ್ಲಿ ಎಷ್ಟು ಉತ್ಸಾಹದಿಂದ ಹರಿಯುತ್ತದೆಂಬುದನ್ನು ಕೇಳಿಟ್ಟುಕೊಂಡರೆ, ಚಿತ್ರದ ಕೊನೆಯ ಭಾಗದಲ್ಲಿ ಅದು ಎಷ್ಟು ಕುಗ್ಗಿದೆ ಎಂಬುದು ಆಗ ತಿಳಿಯುತ್ತದೆ.

ಮದುವೆಯ ದಿನ

ಹಳ್ಳಿ ಇರುವುದು ಖುಲ್ನಾ ಸೀಮೆಯಲ್ಲಿ, ಇಂದಿನ ಬಾಂಗ್ಲಾದೇಶದಲ್ಲಿ. ದೋಣಿಯಲ್ಲಿ ಬಂದಿಳಿದ ಅಪುವನ್ನು ಕಂಡ ಹುಡುಗಿಯ ತಾಯಿಗೆ, ದೇವರ ಪಟದಲ್ಲಿ ಈ ಮುಖವನ್ನು ಎಲ್ಲೋ ನೋಡಿದ್ದೇನೆ ಎನಿಸುತ್ತದೆ. ಅವನ ಕೈಯಲ್ಲಿ ಕೊಳಲಿದೆ. ಮರುದಿನ ಬ್ಯಾಂಡಿನವರು ಒಂದು ಇಂಗ್ಲಿಷ್ ಧಾಟಿಯನ್ನು ಊದುತ್ತ ವರನ ಪಲ್ಲಕ್ಕಿಯನ್ನು ನದಿಯ ದಂಡೆಯ ಮೇಲೆ ತರುತ್ತಾರೆ. ಪಲ್ಲಕ್ಕಿಯ ಬಾಗಿಲು ತೆರೆದಾಗ ಒಳಗೆ ಕೂತ ವರ, ನಮ್ಮ ಬಾಸಿಂಗದ ಸ್ಥಾನದಲ್ಲಿ ಅಲ್ಲಿನವರು ತಲೆಗಿಡುವ ‘ಟೋಪರ’ವನ್ನು ಕೈಯಲ್ಲಿ ಹಿಡಿದು ಚೂರುಚೂರಾಗಿ ಕೀಳುತ್ತಿರುತ್ತಾನೆ. ವರನಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂಬುದು ತಿಳಿದೊಡನೆ ತಂದೆ ಮುಹೂರ್ತಕ್ಕೆ ಹೆದರಿದರೆ, ತಾಯಿ ಮಗಳನ್ನು ಅಪ್ಪಿಕೊಂಡು ಕೊಡುವುದಿಲ್ಲವೆನ್ನುತ್ತಾಳೆ. ಈ ಚಿತ್ರದಲ್ಲಿ ಶಾಸ್ತ್ರಕ್ಕೆ ಎದುರಾಗಿ ನಿಂತ ಮೊದಲ ವ್ಯಕ್ತಿ ಆ ತಾಯಿಯೇ ಹೊರತು ಕಾಲೇಜು ಓದಿದ ಹುಡುಗರಲ್ಲ ಎಂಬುದನ್ನು ನಾನು ಬಹಳ ತಡವಾಗಿ ಗಮನಿಸಿದೆ.

ಇಲ್ಲಿಂದ ಮುಂದೆ ಎರಡು ಸಂಗತಿಗಳನ್ನು ಕಾದು ನೋಡಬೇಕು. ಒಂದು, ಮರದ ಕೆಳಗೆ ಮಲಗಿದ್ದ ಅಪುವನ್ನು ಎಬ್ಬಿಸಿ ಕೇಳಿದಾಗ ಅವನು ಕೋಪಗೊಂಡು ನಿರಾಕರಿಸುತ್ತಾನೆ. ಯಾವ ಕಾಲದಲ್ಲಿ ಬದುಕುತ್ತಿದ್ದೀರಿ ಎಂಬ ಅವನ ಕೋಪ ನ್ಯಾಯವಾದದ್ದು. ಕೇಳಬಂದವರು ತಲೆತಗ್ಗಿಸಿ ಹಿಂದಿರುಗುತ್ತಾರೆ. ಆಮೇಲೆ ಅವನು ಒಬ್ಬನೇ ಉಳಿದ ಕೆಲವು ಕ್ಷಣಗಳಿವೆ. ಅವನ ಮನಸ್ಸಿನಲ್ಲಿ ಏನು ನಡೆಯಿತೆಂದು ರಾಯ್ ಯಾರ ಬಾಯಿಂದಲೂ ಹೇಳಿಸುವುದಿಲ್ಲ. ಬಂದು ಪುಲುವಿನ ಮುಂದೆ ನಿಂತ ಅಪು ಆಡುವ ಮಾತು ‘ಮದುವೆಯಾಗುತ್ತೇನೆ’ ಎಂದಲ್ಲ. ನೀನು ಹೇಳಿದ್ದ ಆ ಕೆಲಸ ಇನ್ನೂ ಸಿಗಬಹುದೇ ಎಂದು ಅವನು ಕೇಳುತ್ತಾನೆ. ತಾನು ಹೀನೈಸಿದ್ದ ಗುಮಾಸ್ತಗಿರಿಯನ್ನು ಬೇಡುವುದರ ಮೂಲಕ ಅವನು ಹುಡುಗಿಯನ್ನು ಒಪ್ಪಿಕೊಳ್ಳುತ್ತಾನೆ. ಈ ಒಂದು ಪ್ರಶ್ನೆಯನ್ನು ಕೇಳಿಸಿಕೊಳ್ಳದೆ ಹೋದರೆ, ಅಪು ಕನಿಕರದಿಂದಲೋ ಆದರ್ಶದ ಅಮಲಿನಿಂದಲೋ ಮದುವೆಯಾದನೆಂದಷ್ಟೇ ತಿಳಿದು ಮುಂದೆ ಹೋಗುತ್ತೇವೆ. ಕನಿಕರವೂ ಇತ್ತು, ತಾನೇನೋ ಮಹತ್ತಾದುದನ್ನು ಮಾಡುತ್ತಿದ್ದೇನೆಂಬ ಭಾವನೆಯೂ ಇತ್ತು. ಆದರೆ ಅವುಗಳ ಜೊತೆಗೆ, ನಾಳೆ ಬೆಳಗಾದರೆ ಅಕ್ಕಿಬೇಳೆ ಎಲ್ಲಿಂದ ಬರಬೇಕೆಂಬ ಯೋಚನೆಯೂ ಆ ಕ್ಷಣದಲ್ಲಿಯೇ ಅವನಿಗೆ ಬಂದಿತ್ತು.

ಎರಡನೆಯದು, ಅಪರ್ಣಾಳನ್ನು ಯಾರೂ ಏನೂ ಕೇಳುವುದಿಲ್ಲ. ಚಿತ್ರ ಇದನ್ನು ದೊಡ್ಡ ದನಿಯಲ್ಲಿ ಹೇಳದಿದ್ದರೂ ಮುಚ್ಚಿಡುವುದೂ ಇಲ್ಲ. ಶರ್ಮಿಳಾ ಟಾಗೋರ್ ಅವರಿಗೂ ಇದು ಮೊದಲ ಚಿತ್ರ, ಆಗ ಅವರ ವಯಸ್ಸು 13–14ರ ಆಸುಪಾಸು. ಇಂದಿನ ಪ್ರೇಕ್ಷಕರು ಆ ಎಳೆಯ ಮುಖವನ್ನು ಕಂಡು ಇರಿಸುಮುರಿಸುಗೊಂಡರೆ ಅದನ್ನು ಹತ್ತಿಕ್ಕಬೇಕಾಗಿಲ್ಲ. ಆ ಕಾಲದ ಮದುವೆಗಳ ಸತ್ಯವನ್ನು ಆ ಮುಖ ತಾನಾಗಿ ಹೇಳುತ್ತಿದೆ. ಹೂವುಗಳಿಂದ ಅಲಂಕರಿಸಿದ ಮಂಚವಿರುವ ಕೋಣೆಯಲ್ಲಿ ಮೊದಲ ರಾತ್ರಿ ಅಪು ಅತ್ತಿಂದಿತ್ತ ನಡೆದಾಡುತ್ತ ತನ್ನ ಬಡತನವನ್ನು ವಿವರಿಸುತ್ತಾನೆ, ಬಡವನ ಮನೆಯಲ್ಲಿ ಬಾಳಬಲ್ಲೆಯಾ ಎಂದು ಕೇಳುತ್ತಾನೆ. ಅವಳು ಮಂಚದ ಕಂಬಕ್ಕೆ ಒರಗಿ ನಿಂತು ಬಾಳಬಲ್ಲೆನೆನ್ನುತ್ತಾಳೆ. ಅವಳನ್ನು ಮೊದಲ ಸಲ ಒಬ್ಬರು ಏನನ್ನಾದರೂ ಕೇಳಿದ್ದು ಅಲ್ಲಿ, ತಾಳಿಗೆ ಸಮನಾದ ಶಾಸ್ತ್ರಗಳೆಲ್ಲ ಮುಗಿದ ಮೇಲೆ.

ಕಿಟಕಿಯ ಪರದೆ

ಕಲ್ಕತ್ತೆಗೆ ಬಂದ ಅಪರ್ಣಾ ಮೆಟ್ಟಿಲುಗಳನ್ನು ಹತ್ತಿ ಆ ಕೋಣೆಯನ್ನು ಮೊದಲ ಬಾರಿ ನೋಡುತ್ತಾಳೆ. ಅಪು ಹೊರಗೆ ಹೋದಾಗ ಒಬ್ಬಳೇ ಉಳಿದವಳು ಕಿಟಕಿಯ ಬಳಿ ಹೋಗಿ ಅಳುತ್ತಾಳೆ. ಮೊದಲೇ ಗುರುತಿಟ್ಟುಕೊಂಡ ಹರಿದ ಪರದೆ ಇಲ್ಲಿ ಬರುತ್ತದೆ. ಅದರ ತೂತಿನೊಳಗಿಂದ ಅವಳ ಒಂದೇ ಕಣ್ಣು ಕೆಳಗೆ ನೋಡುತ್ತದೆ. ಕೆಳಗಿನ ಅಂಗಳದಲ್ಲಿ ಒಂದು ಪುಟ್ಟ ಮಗು ತಾಯಿಯ ಮುಂದೆ ಆಡುತ್ತಿದೆ. ಅಳು ನಿಲ್ಲುತ್ತದೆ. ಇಷ್ಟೇ ದೃಶ್ಯ. ಯಾರೂ ಯಾರಿಗೂ ಸಮಾಧಾನ ಹೇಳುವುದಿಲ್ಲ.

ಈ ಚಿತ್ರವನ್ನು ನನ್ನ ದೊಡ್ಡಮ್ಮನ ಜೊತೆ ನೋಡಿದಾಗ, ಅದುವರೆಗೆ ಸುಮ್ಮನಿದ್ದ ಅವರು ಇಲ್ಲಿ, ‘ನಾನು ಹಿತ್ತಲ ಬಾವಿಕಟ್ಟೆ ಹತ್ರ ಅತ್ತಿದ್ದೆ ಕಣೋ, ಪಕ್ಕದ ಮನೆ ಕರು ಬಂದು ಸೆರಗು ನೆಕ್ಕಿತು’ ಎಂದರು. ಹದಿನಾರಕ್ಕೆ ಮದುವೆಯಾಗಿ ಗೊತ್ತಿಲ್ಲದ ಊರಿಗೆ ಬಂದವರು ಅವರು. ಬಂಗಾಳಿ ಅವರಿಗೆ ಬಾರದು, ಇಂಗ್ಲಿಷ್ ಸಬ್‌ಟೈಟಲ್ ಓದಲಾರರು. ನಾನು ಆಗಾಗ ಒಂದೊಂದು ಸಾಲು ಹೇಳುತ್ತಿದ್ದೆ. ಆ ದೃಶ್ಯಕ್ಕೆ ನಾನು ಏನನ್ನೂ ಹೇಳಬೇಕಾಗಿರಲಿಲ್ಲ.

ಆ ಮರುಕ್ಷಣದಿಂದ ಮುಂದಿನ ದೃಶ್ಯಕ್ಕೆ ಹೋಗುವಾಗ ರಾಯ್ ನಡುವಿನ ದಿನಗಳನ್ನೆಲ್ಲ ಬಿಟ್ಟುಬಿಡುತ್ತಾರೆ. ಎಷ್ಟು ದಿನ ಕಳೆದವೆಂದು ಯಾರೂ ಹೇಳುವುದಿಲ್ಲ. ಕಿಟಕಿಗೆ ಹೊಸ ಪರದೆ ಬಂದಿದೆ ಎಂಬುದನ್ನು ನಾವೇ ಕಂಡುಕೊಳ್ಳಬೇಕು. ಅದನ್ನು ಕಂಡುಕೊಂಡವರಿಗೆ, ಆ ನಡುವೆ ಒಂದು ಸಂಸಾರ ಹುಟ್ಟಿದೆ ಎಂಬುದು ತಿಳಿಯುತ್ತದೆ.

ಒಂದು ಬೆಳಗು, ಮಾತಿಲ್ಲದೆ

ಇಡೀ ಚಿತ್ರದಲ್ಲಿ ಒಂದೇ ದೃಶ್ಯವನ್ನು ಮತ್ತೆ ನೋಡಲು ಸಮಯವಿದ್ದರೆ ಈ ಬೆಳಗಿನ ದೃಶ್ಯವನ್ನೇ ನೋಡಬೇಕೆಂದು ನಾನು ಹೇಳುತ್ತೇನೆ. ಅಲಾರಂ ಗಡಿಯಾರ ಹೊಡೆದುಕೊಳ್ಳುತ್ತದೆ. ಅಪರ್ಣಾ ಎದ್ದು ಹೋಗಲು ನೋಡಿದರೆ ಸೆರಗು ಎಳೆಯುತ್ತದೆ. ರಾತ್ರಿಯೇ ಅಪು ಅದನ್ನು ತನ್ನ ಬಟ್ಟೆಗೆ ಗಂಟು ಹಾಕಿದ್ದಾನೆ. ಮದುವೆಯಲ್ಲಿ ಪುರೋಹಿತರು ಹಾಕುವ ಗಂಟು ಈಗ ಆಟದ ಗಂಟಾಗಿದೆ. ಅವಳು ಗಂಟು ಬಿಚ್ಚಿ, ಮಲಗಿರುವ ಅವನ ಬೆನ್ನಿಗೆ ಮೆಲ್ಲಗೆ ಒಂದು ಏಟು ಕೊಟ್ಟು ಎದ್ದುಹೋಗುತ್ತಾಳೆ. ಕಣ್ಣುಬಿಟ್ಟ ಅಪುವಿಗೆ ದಿಂಬುಗಳ ನಡುವೆ ಅವಳ ಒಂದು ಹೇರ್‌ಪಿನ್ ಸಿಗುತ್ತದೆ. ಅದನ್ನು ಬೆರಳುಗಳಲ್ಲಿ ತಿರುಗಿಸಿ ನೋಡುತ್ತಾನೆ. ಬಾಗಿಲಿನಾಚೆ ಅವಳು ಕಲ್ಲಿದ್ದಲಿನ ಒಲೆ ಹೊತ್ತಿಸುವ ಕೆಲಸದಲ್ಲಿದ್ದಾಳೆ. ದಿಂಬಿನಡಿಯಿಂದ ಸಿಗರೇಟು ಪ್ಯಾಕೆಟ್ ತೆಗೆದರೆ ಅದರೊಳಗೆ ಅವಳ ಕೈಬರಹದ ಚೀಟಿ: ಊಟವಾದ ಮೇಲೆ ಒಂದೇ ಒಂದು ಎಂದು ಮಾತು ಕೊಟ್ಟಿದ್ದನ್ನು ಅದು ನೆನಪಿಸುತ್ತದೆ. ಅವನು ಸಿಗರೇಟನ್ನು ಹಿಂದಕ್ಕಿಟ್ಟು ಅವಳನ್ನೇ ನೋಡುತ್ತ ಮಲಗುತ್ತಾನೆ.

ಎರಡನೆಯ ಸಲ ನೋಡುವಾಗ ಇಲ್ಲಿ ಸದ್ದನ್ನು ಪೂರ್ತಿ ಆರಿಸಿ ಒಮ್ಮೆ ನೋಡಬೇಕು. ಅಪ್ಪುಗೆಯಿಲ್ಲ, ಮುತ್ತಿಲ್ಲ, ಪ್ರೇಮದ ಮಾತಿಲ್ಲ; ಆದರೆ ದಾಂಪತ್ಯದ ಆಪ್ತತೆಯನ್ನು ಭಾರತೀಯ ತೆರೆಯ ಮೇಲೆ ಇಷ್ಟು ಸಂಕೋಚವಿಲ್ಲದೆ, ಇಷ್ಟು ಮರ್ಯಾದೆಯಿಂದ ತೋರಿಸಿದ ದೃಶ್ಯ ನನಗೆ ಮತ್ತೊಂದು ಸಿಕ್ಕಿಲ್ಲ. ಸುಬ್ರತ ಮಿತ್ರ ಅವರ ಕ್ಯಾಮೆರಾ ಕೋಣೆಯ ಒಳಗಿನ ಹಾಸಿಗೆಯನ್ನೂ ಹೊರಗಿನ ಒಲೆಯನ್ನೂ ಅಪುವಿನ ಒಂದೇ ನೋಟದಲ್ಲಿ ಜೋಡಿಸುತ್ತದೆ. ಆದ್ದರಿಂದ ನಮ್ಮ ಕಣ್ಣು ಅಪುವಿನ ಕಣ್ಣಿನ ದಾರಿಯಲ್ಲಿಯೇ ಹೋಗುತ್ತದೆ. ಬನ್ಸಿ ಚಂದ್ರಗುಪ್ತ ಅವರು ರೂಪಿಸಿದ ಈ ಕೋಣೆಯಲ್ಲಿ ಮೊದಲಿದ್ದ ವಸ್ತುಗಳಲ್ಲಿ ಏನೇನು ಉಳಿದಿವೆ, ಏನೇನು ಹೊಸದಾಗಿ ಬಂದಿವೆ ಎಂದು ಒಂದೊಂದಾಗಿ ಲೆಕ್ಕಹಾಕುವುದು ಒಳ್ಳೆಯ ಅಭ್ಯಾಸ.

ಇದರ ಹಿಂದೆಯೇ ಬರುವ ಚಿಕ್ಕಚಿಕ್ಕ ತುಣುಕುಗಳಲ್ಲಿಯೂ ಜೋಡಿ ದೃಶ್ಯಗಳನ್ನು ಹುಡುಕಬೇಕು. ಅಪು ಊಟಕ್ಕೆ ಕೂತಾಗ ಅಪರ್ಣಾ ಬೀಸಣಿಗೆಯಿಂದ ಗಾಳಿ ಹಾಕುತ್ತಾಳೆ; ಮುಂದಿನ ತುಣುಕಿನಲ್ಲಿ ಅವಳು ಉಣ್ಣುತ್ತಿದ್ದಾಳೆ, ಬೀಸಣಿಗೆ ಅವನ ಕೈಯಲ್ಲಿದೆ. ಸಂಕಲನಕಾರ ದುಲಾಲ್ ದತ್ತ ಅವರ ಒಂದೇ ಕತ್ತರಿಕೆಯಲ್ಲಿ, ಮನೆಯಲ್ಲಿ ಯಾರು ಯಾರಿಗೆ ಸೇವೆ ಮಾಡಬೇಕೆಂಬ ಹಳೆಯ ಪದ್ಧತಿ ತಿರುಗಿ ನಿಲ್ಲುತ್ತದೆ. ಅವಳ ಕಷ್ಟ ನೋಡಲಾರದೆ, ಇನ್ನೊಂದು ಟ್ಯೂಷನ್ ಹಿಡಿದು ಕೆಲಸದವಳನ್ನು ಇಡುತ್ತೇನೆಂದು ಅಪು ಹೇಳಿದರೆ, ಇರುವ ಟ್ಯೂಷನ್ನನ್ನೂ ಬಿಟ್ಟುಬಿಡು, ನನ್ನ ಬಡ ಗಂಡ ಬೇಗ ಮನೆಗೆ ಬರಲಿ ಎಂಬರ್ಥದ ಉತ್ತರ ಅವಳಿಂದ ಬರುತ್ತದೆ. ಸಂಜೆ ಮನೆಗೆ ಬಂದ ಅಪುವಿನ ಹಿಂದೆ ಅಡಗಿ ನಿಂತು ಕಾಗದದ ಚೀಲವನ್ನು ಊದಿ ಟಪ್ಪೆಂದು ಒಡೆಯುವ ಹುಡುಗಾಟವೂ ಅವಳದೇ. ಬಡತನವನ್ನು ರಾಯ್ ಇಲ್ಲಿ ಸುಂದರವಾಗಿ ಕಾಣಿಸಿದ್ದಾರೆಂಬ ಆಕ್ಷೇಪ ಕೇಳಿದ್ದೇನೆ. ನನಗೆ ಹಾಗೆನಿಸುವುದಿಲ್ಲ, ಅವಳ ಕೆಲಸದ ಭಾರ ಪ್ರತಿ ತುಣುಕಿನಲ್ಲಿಯೂ ಕಾಣುತ್ತಿದೆ. ಈ ಮದುವೆಯ ಜೋಡಿ ಹೊಂದದಿರುವಿಕೆಯನ್ನು ಸರಿಪಡಿಸಲು ಹೆಚ್ಚಿನ ಪಾಲು ದುಡಿದವಳು ಅಪರ್ಣಾ ಎಂಬುದು ಲೆಕ್ಕ ಹಾಕಿದವರಿಗೆ ಸ್ಪಷ್ಟವಾಗುತ್ತದೆ.

ಬೆಂಕಿಕಡ್ಡಿ

ಇಬ್ಬರೂ ಒಂದು ಪೌರಾಣಿಕ ಸಿನಿಮಾ ನೋಡುತ್ತಿದ್ದಾರೆ. ಸಿನಿಮಾದ ತೆರೆ ಕರಗುತ್ತ ಕರಗುತ್ತ ಕುದುರೆಗಾಡಿಯ ಹಿಂಬದಿಯ ಕಿಟಕಿಯಾಗುತ್ತದೆ. ತೆರೆಯ ಚೌಕವೂ ಕಿಟಕಿಯ ಚೌಕವೂ ಒಂದರ ಮೇಲೊಂದು ಕೂರುವುದನ್ನು ತಪ್ಪದೆ ನೋಡಬೇಕು. ಗಾಡಿಯೊಳಗೆ ಕತ್ತಲೆ. ಹೆರಿಗೆಗೆಂದು ಅವಳು ತವರಿಗೆ ಹೊರಡುವ ಹೊತ್ತು ಹತ್ತಿರವಾಗಿದೆ. ಚೊಚ್ಚಲ ಬಾಣಂತನ ತವರಿನಲ್ಲೆಂಬ ನಮ್ಮ ಕಡೆಯ ರೂಢಿಯನ್ನು ಬಲ್ಲವರಿಗೆ ಈ ಅಗಲಿಕೆಯ ಸ್ವರೂಪ ಚೆನ್ನಾಗಿ ಗೊತ್ತು. ಮದುವೆಯಾದಂದಿನಿಂದ ಕಾದಂಬರಿ ಮುಂದೆ ಸಾಗಿಲ್ಲವೆಂಬ ಮಾತು ಬರುತ್ತದೆ. ಅಪು ಸಿಗರೇಟು ತುಟಿಗಿಟ್ಟಾಗ ಅಪರ್ಣಾ ಕಡ್ಡಿ ಗೀರುತ್ತಾಳೆ. ಆ ಬೆಳಕಿನಲ್ಲಿ ಅವಳ ಮುಖ ಒಮ್ಮೆಲೇ ಕಾಣಿಸಿಕೊಳ್ಳುತ್ತದೆ. ನಿನ್ನ ಕಣ್ಣಿನಲ್ಲಿ ಏನಿದೆ ಹೇಳು ಎಂದು ಅವನು ಕೇಳುತ್ತಾನೆ. ‘ಕಾಜಲ್’ ಎನ್ನುತ್ತಾಳೆ ಅವಳು. ಕಾಡಿಗೆ. ಪ್ರೇಮದಿಂದ ಕೇಳಿದ ಪ್ರಶ್ನೆಗೆ ಅವಳು ಮನೆವಾರ್ತೆಯ ಉತ್ತರ ಕೊಟ್ಟಿದ್ದಾಳೆ. ಕಡ್ಡಿ ಉರಿಯುತ್ತಲೇ ಇರುವಷ್ಟು ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ರವಿಶಂಕರ್ ಅವರ ಸಂಗೀತ ಈ ಭಾಗದಲ್ಲಿ ಎಲ್ಲಿ ಕೇಳಿಸುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಎಂಬುದಕ್ಕಾಗಿಯೇ ಒಮ್ಮೆ ಹಿಂದಕ್ಕೆ ಹೋಗಿ ಕೇಳಬೇಕು. ಕಾಜಲ್ ಎಂಬ ಆ ಶಬ್ದವನ್ನು ಮಾತ್ರ ಮರೆಯಬಾರದು.

ರೈಲು ಹೊರಟ ಮೇಲೆ

ಅಪರ್ಣಾಳ ಪತ್ರವನ್ನು ಅಪು ಕಚೇರಿಯ ಮೇಜಿನ ಬಳಿ ಒಂದಿಷ್ಟು, ಟ್ರಾಮಿನ ನೂಕುನುಗ್ಗಲಿನಲ್ಲಿ ಒಂದಿಷ್ಟು, ಹಳಿಗಳ ಪಕ್ಕ ನಡೆಯುತ್ತ ಉಳಿದಷ್ಟು, ಹೀಗೆ ಕಂತಿನಲ್ಲಿ ಓದುತ್ತಾನೆ. ಮನೆಯ ಬಳಿ ಅವಳ ತಮ್ಮ ನಿಂತಿದ್ದಾನೆ. ಹೆರಿಗೆಯಲ್ಲಿ ಅವಳು ತೀರಿಕೊಂಡಳೆಂಬ ಸುದ್ದಿ ಕೇಳಿದ ಅಪು ಆ ಹುಡುಗನ ಕೆನ್ನೆಗೆ ಹೊಡೆಯುತ್ತಾನೆ. ಇಲ್ಲಿ ಚಿತ್ರವನ್ನು ನಿಲ್ಲಿಸಬಾರದು. ನಿಲ್ಲಿಸಬೇಕೆನಿಸುತ್ತದೆ, ಆದರೂ ನಿಲ್ಲಿಸಬಾರದು. ಹಾಸಿಗೆಯಲ್ಲಿ ಬಿದ್ದುಕೊಂಡಿರುವ ಅವನ ತಲೆಯ ಬಳಿ ಅದೇ ಅಲಾರಂ ಗಡಿಯಾರದ ಸದ್ದಿದೆ. ಆಮೇಲೆ ಆ ಸದ್ದು ನಿಲ್ಲುತ್ತದೆ. ಕೀಲಿ ಕೊಡುವವರು ಯಾರೂ ಇಲ್ಲ. ರೈಲಿನ ಮುಂದೆ ಹಾರಿಕೊಳ್ಳಲು ಹೋದಾಗ ಅವನ ಬದಲು ಹಂದಿಯೊಂದು ಸಿಕ್ಕಿ ಸಾಯುವ ಸದ್ದನ್ನು ಮಾತ್ರ ಕೇಳುತ್ತೇವೆ, ತೆರೆಯ ಮೇಲೆ ಬರಿಯ ಬಿಳಿಯ ಆಕಾಶ. ಬಾಲ್ಯದ ರೈಲು ಎಲ್ಲಿಗೆ ಬಂದು ಮುಟ್ಟಿತೆಂಬುದನ್ನು ಹಿಂದಿನ ಚಿತ್ರಗಳನ್ನು ನೋಡಿದವರು ಇಲ್ಲಿ ಅರಿಯುತ್ತಾರೆ.

ಮುಂದಿನ ಅಲೆದಾಟವನ್ನು, ಬೆಟ್ಟದ ಮೇಲಿಂದ ಕಾದಂಬರಿಯ ಹಾಳೆಗಳನ್ನು ತೂರಿಬಿಡುವುದನ್ನು ನಾನು ವಿವರಿಸುವುದಿಲ್ಲ. ಕೊನೆಯ ಭಾಗದ ಬಗ್ಗೆ ಒಂದು ಸಂಗತಿ ಹೇಳುವುದು ಅಗತ್ಯ. ಐದು ವರ್ಷಗಳ ನಂತರ ಪುಲು ಅವನನ್ನು ಕಲ್ಲಿದ್ದಲು ಗಣಿಯೊಂದರ ಬಳಿ ಕಂಡು, ನೋಡದೆಯೇ ಉಳಿದ ಮಗನ ವಿಷಯ ಎತ್ತಿದಾಗ, ಕಾಜಲ್ ಇರುವುದರಿಂದಲೇ ಅಪರ್ಣಾ ಇಲ್ಲ ಎಂಬ ಮಾತು ಅಪುವಿನ ಬಾಯಿಂದ ಬರುತ್ತದೆ. ಮಗುವಿನ ಹೆಸರು ಆ ರಾತ್ರಿಯ ಗಾಡಿಯೊಳಗಿನ ಶಬ್ದ. ಆ ಹೆಸರನ್ನು ಅವನು ಇಷ್ಟು ಕಹಿಯಾಗಿ ಉಚ್ಚರಿಸುವುದನ್ನು ಕೇಳಿದಾಗ, ಅವಸರದ ಮದುವೆಯಲ್ಲಿ ಒಪ್ಪಿಕೊಂಡ ಹೊಣೆಯ ಅರ್ಧವನ್ನು ಅವನು ಇನ್ನೂ ಹೊತ್ತಿಲ್ಲವೆಂಬುದು ನಮಗೆ ತಿಳಿಯುತ್ತದೆ. ಹಾಗಾಗಿ ಕೊನೆಯ ಭಾಗವನ್ನು ಬೇರೆ ಕಥೆಯೆಂದು ನೋಡದೆ, ಅದೇ ಮದುವೆಯ ಮುಂದುವರಿಕೆಯೆಂದು ನೋಡಬೇಕು. ಒಂದು ಸಂಜೆ ಗುಮಾಸ್ತಗಿರಿಯನ್ನು ಕೇಳಿ ಪಡೆದವನು ಈಗ ತನ್ನ ಮಗನನ್ನು ಕೇಳಿ ಪಡೆಯಬೇಕಾಗಿದೆ. ಆ ಮಗನೋ ಅಪ್ಪನೆಂದು ಹೇಳಿಕೊಂಡು ಬಂದವನ ಮೇಲೆ ಕಲ್ಲೆಸೆಯುವವನು.

ಜೊತೆಗೂಡಿ ನೋಡುವುದಾದರೆ

ಮನೆಯವರನ್ನೋ ಗೆಳೆಯರನ್ನೋ ಕೂಡಿಸಿ ತೋರಿಸುವುದಾದರೆ, ಹತ್ತುಹನ್ನೆರಡು ಜನಕ್ಕಿಂತ ಹೆಚ್ಚು ಬೇಡ. ವಯಸ್ಸಾದ ಹೆಂಗಸರನ್ನು ತಪ್ಪದೆ ಕರೆಯಬೇಕು. ಮುಹೂರ್ತ, ತವರು, ಒಲೆ, ಬಾಣಂತನ, ಈ ನಾಲ್ಕನ್ನೂ ಅವರು ನಮಗಿಂತ ಚೆನ್ನಾಗಿ ಓದಬಲ್ಲರು. ಭಾಷೆ ಬಾರದೆಂದು ಹಿಂಜರಿಯುವವರಿಗೆ ಹೆಗ್ಗೋಡಿನ ನೆನಪು ಮಾಡಿಕೊಡಬಹುದು: ಕೆ.ವಿ. ಸುಬ್ಬಣ್ಣ ಅವರ ನೇತೃತ್ವದಲ್ಲಿ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ, ಮಲೆನಾಡಿನ ಹಳ್ಳಿಯ ಜನರಿಗೆ ಹೊರಗಿನ ಭಾಷೆಗಳ ಶ್ರೇಷ್ಠ ಚಿತ್ರಗಳನ್ನು ತೋರಿಸುತ್ತ ಬಂದಿತು. ನೋಡಿದವರಲ್ಲಿ ರೈತರೂ ಕೂಲಿಕಾರರೂ ಇದ್ದರು. ಚಿತ್ರಕ್ಕೆ ಮುಂಚೆ ಐದು ನಿಮಿಷದಲ್ಲಿ ಕಥೆಯ ಹಿನ್ನೆಲೆ ಹೇಳಿ, ಪತ್ರ ಓದುವ ದೃಶ್ಯದಲ್ಲಿ ಮಾತ್ರ ಒಬ್ಬರು ಮೆಲುದನಿಯಲ್ಲಿ ಕನ್ನಡದಲ್ಲಿ ಹೇಳಿದರೆ ಸಾಕಾಗುತ್ತದೆ. ನಡುನಡುವೆ ವಿವರಣೆ ಕೊಡುವುದು ಬೇಡ.

ಮುಗಿದೊಡನೆ ಚರ್ಚೆ ಆರಂಭಿಸದೆ ಚಹಾ ಮಾಡಿ ಕೊಡುವಷ್ಟು ಹೊತ್ತು ಬಿಡಬೇಕು. ಆಮೇಲೆ ಕೇಳಬಹುದಾದ ಪ್ರಶ್ನೆಗಳಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಒಂದೇ: ಅಪರ್ಣಾ ಯಾವ ಗಳಿಗೆಯಲ್ಲಿ ಈ ಮದುವೆಯನ್ನು ತನ್ನದೆಂದು ಒಪ್ಪಿಕೊಂಡಳು? ಮೊದಲ ರಾತ್ರಿಯ ಉತ್ತರದಲ್ಲಿ ಎನ್ನುವವರಿದ್ದಾರೆ, ಪರದೆಯ ತೂತಿನಲ್ಲಿ ಎನ್ನುವವರಿದ್ದಾರೆ, ಚೀಟಿ ಬರೆದಿಟ್ಟಾಗ ಎನ್ನುವವರಿದ್ದಾರೆ. ದೊಡ್ಡಮ್ಮ, ಹಳೆಯ ಪರದೆ ತೆಗೆದು ಹೊಸದನ್ನು ಹಾಕಿದ ದಿನ ಎಂದಿದ್ದರು. ಆ ದಿನ ಚಿತ್ರದಲ್ಲಿ ಇಲ್ಲವೇ ಇಲ್ಲ.

ಎರಡನೆಯ ಸಲ

ಒಂದು ವಾರ ಬಿಟ್ಟು ಮತ್ತೆ ನೋಡುವಾಗ ಪೂರ್ತಿ ನೋಡಬೇಕಾಗಿಲ್ಲ. ಅಪರ್ಣಾ ಮೆಟ್ಟಿಲು ಹತ್ತುವಲ್ಲಿಂದ ರೈಲು ಹೊರಡುವವರೆಗೆ ಒಮ್ಮೆ ನೋಡಿ, ಅಲ್ಲಿಂದ ನೇರವಾಗಿ ಕೊನೆಯ ಕೆಲವು ನಿಮಿಷಗಳಿಗೆ ಹೋಗಬೇಕು. ಮಗನಿಗೆಂದು ಅಪು ತಂದ ಆಟಿಕೆಯ ರೈಲನ್ನು ಹುಡುಗ ಒಪ್ಪಿಕೊಳ್ಳುವುದಿಲ್ಲ. ಹೊರಟುಬಿಟ್ಟ ಅಪುವಿನ ಹಿಂದೆ ದೂರದಲ್ಲಿ ಹಿಂಬಾಲಿಸಿ ಬಂದು, ನೀನು ಯಾರು ಎಂದು ಕೇಳಿದಾಗ, ಅಪು ಅಪ್ಪನೆನ್ನದೆ ಗೆಳೆಯನೆನ್ನುತ್ತಾನೆ. ನನ್ನ ಅಪ್ಪನ ಹತ್ತಿರ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿ ಹುಡುಗ ಓಡಿಬರುತ್ತಾನೆ. ಹಿಂದೊಂದು ಸಂಜೆ ಅಪು ಗೊತ್ತಿಲ್ಲದ ಹುಡುಗಿಯೊಬ್ಬಳ ಕೈಹಿಡಿದದ್ದೂ ಇದೇ ಊರಿನಲ್ಲಿ, ಇದೇ ನದಿಯ ದಂಡೆಯಲ್ಲಿ. ಈಗ ಗೊತ್ತಿಲ್ಲದ ಹುಡುಗನೊಬ್ಬ ತಾನಾಗಿಯೇ ಬಂದು ಅವನ ಹೆಗಲೇರುತ್ತಾನೆ. ಅಪು ಅವನನ್ನು ಹೊತ್ತುಕೊಂಡು ನಡೆಯತೊಡಗಿದಾಗ, ಹುಡುಗನ ಕಣ್ಣುಗಳನ್ನು ನೋಡಬೇಕು.